ಅನಿಮೆ ಮೆಚ್ಚುವ ದೊಡ್ಡವರು ಅದನ್ನು ಏಕೆ ಹೇಳಿಕೊಳ್ಳುವುದಿಲ್ಲ?

ಜಪಾನಿನ ಪುಸ್ತಕದಂಗಡಿಯಲ್ಲಿ ಪುಸ್ತಕವೊಂದನ್ನು ಆರಿಸಿಕೊಂಡು ಹಣ ಕೊಡಲು ಹೋದರೆ ಅಲ್ಲಿರುವವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: "ಹೊದಿಕೆ ಹಾಕಿಕೊಡಲೇ?" ಹೂಂ ಎಂದರೆ, ಅಂಗಡಿಯ ಹೆಸರೋ ಸಣ್ಣದೊಂದು ವಿನ್ಯಾಸವೋ ಇರುವ ಕಾಗದವನ್ನು ಅಚ್ಚುಕಟ್ಟಾಗಿ ಮಡಿಸಿ ರಕ್ಷಾಪುಟದ ಮೇಲೆ ಹೊದಿಸಿ ಕೊಡುತ್ತಾರೆ. ನಾವು ಜೂನ್ ತಿಂಗಳಲ್ಲಿ ಪಠ್ಯಪುಸ್ತಕಗಳಿಗೆ ಬೈಂಡ್ ಹಾಕುವುದು ಪುಸ್ತಕ ಕೊಳೆಯಾಗದಿರಲಿ, ಹರಿಯದಿರಲಿ ಎಂದು. ಅಲ್ಲಿ ಆ ಕಾರಣವೂ ಉಂಟು, ಅದರ ಜೊತೆಗೆ ಮತ್ತೊಂದೂ ಉಂಟು. ರೈಲಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುವ ಪಕ್ಕದವರಿಗೆ ತಾನು ಏನು ಓದುತ್ತಿದ್ದೇನೆಂದು ತಿಳಿಯಬೇಕಾಗಿಲ್ಲ. ಬ್ಯಾಂಕಿನ ಅಧಿಕಾರಿಯೊಬ್ಬರು ಕೈಯಲ್ಲಿ ಹಿಡಿದಿರುವುದು ಷೇರುಪೇಟೆಯ ಪುಸ್ತಕವೋ ಮಾಂಗಾ ಎಂಬ ಚಿತ್ರಕಥೆಯ ಸಂಪುಟವೋ, ಅದು ಅವರಿಗೆ ಮಾತ್ರ ಗೊತ್ತು.

ಇಂಥ ಹೊದಿಕೆಯನ್ನು ಪುಸ್ತಕಕ್ಕಷ್ಟೇ ಅಲ್ಲದೆ ತಮ್ಮ ಅಭಿರುಚಿಗೂ ಹಾಕಿಕೊಂಡು ಓಡಾಡುವ ವಯಸ್ಕರಿಗೆ ಜಪಾನಿನಲ್ಲಿ ಒಂದು ಹೆಸರೇ ಇದೆ: ಕಕುರೆ ಒತಾಕು. "ಕಕುರೆ" ಎಂದರೆ ಅಡಗಿಕೊಂಡಿರುವ. "ಒತಾಕು" ಎಂದರೆ ಅನಿಮೆ, ಮಾಂಗಾ ಮುಂತಾದವುಗಳಲ್ಲಿ ಪೂರ್ತಿ ಮುಳುಗಿದವರು. ಅನಿಮೆ ಎಂಬುದು ಅನಿಮೇಷನ್ ಎಂಬ ಪದವನ್ನು ಜಪಾನೀಯರು ತುಂಡರಿಸಿ ಮಾಡಿಕೊಂಡ ಪದವೆಂಬುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ.

"ಕಕುರೆ" ಎಂಬ ಪದಕ್ಕೆ ಗಂಭೀರವಾದ ಚರಿತ್ರೆಯಿದೆ. 1614ರಲ್ಲಿ ತೊಕುಗಾವ ಆಡಳಿತವು ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿದಾಗ, ನಾಗಸಾಕಿ ಸುತ್ತಮುತ್ತಲಿನ ಹಳ್ಳಿಗಳ ಕ್ರೈಸ್ತರು ತಮ್ಮ ನಂಬಿಕೆಯನ್ನು ಮನೆಯೊಳಗೆ ಬಚ್ಚಿಟ್ಟುಕೊಂಡರು. ಕನ್ನೋನ್ ಎಂಬ ಬೌದ್ಧ ದೇವತೆಯ, ಅಂದರೆ ನಮ್ಮ ಅವಲೋಕಿತೇಶ್ವರನ, ವಿಗ್ರಹದಲ್ಲಿ ಮೇರಿ ಮಾತೆಯನ್ನು ಕಂಡು ಪೂಜಿಸಿದರು. ನಿಷೇಧ ತೆರವಾದದ್ದು 1873ರಲ್ಲಿ. ಇವರನ್ನು ಕಕುರೆ ಕಿರಿಶಿತನ್ ಎನ್ನುತ್ತಾರೆ. ಪ್ರಾಣಭಯದಿಂದ ಅಡಗಿದವರ ಹೆಸರನ್ನು ಟಿ.ವಿ. ಧಾರಾವಾಹಿ ನೋಡುವವರಿಗೆ ಹಚ್ಚುವುದು ಅತಿಯಾಯಿತೆಂದು ನಿಮಗೆ ಅನಿಸಬಹುದು. ಅನಿಸಬೇಕಾದದ್ದೇ. ಅಭಿಮಾನಿಗಳೂ ಅದನ್ನು ಅರ್ಧ ತಮಾಷೆಯಾಗಿಯೇ ಬಳಸುತ್ತಾರೆ. ಆದರೆ ಉಳಿದ ಅರ್ಧ ತಮಾಷೆಯಲ್ಲ.

ಮೊದಲಿಗೆ ಒಂದು ಒಗಟನ್ನು ನೋಡೋಣ. ಜಪಾನಿನಲ್ಲಿ "ಸಜಾಏ ಸಾನ್" ಎಂಬ ಅನಿಮೆ ಧಾರಾವಾಹಿಯಿದೆ. 1969ರ ಅಕ್ಟೋಬರಿನಲ್ಲಿ ಆರಂಭವಾದ ಇದು ಅತಿ ದೀರ್ಘಕಾಲ ನಡೆದ ಅನಿಮೇಷನ್ ಧಾರಾವಾಹಿ ಎಂದು ಗಿನ್ನೆಸ್ ದಾಖಲೆಗೆ ಸೇರಿದೆ. ಅವಿಭಕ್ತ ಕುಟುಂಬವೊಂದರ ಸಣ್ಣಪುಟ್ಟ ಸಂಗತಿಗಳು ಅದರ ವಸ್ತು. ಭಾನುವಾರ ಸಂಜೆ ಆರೂವರೆಗೆ ಅಜ್ಜ ಅಜ್ಜಿಯರೂ ಕುಳಿತು ನೋಡುತ್ತ ಬಂದಿದ್ದಾರೆ. ಅದರ ಹಾಡು ಕೇಳಿದೊಡನೆ "ಅಯ್ಯೋ, ನಾಳೆ ಸೋಮವಾರ" ಎಂದು ನೌಕರರ ಮನಸ್ಸು ಕುಗ್ಗುವುದಕ್ಕೆ ಸಜಾಏ ಸಾನ್ ರೋಗವೆಂಬ ಹೆಸರೂ ಬಿದ್ದಿದೆ! ಇದನ್ನು ನೋಡುತ್ತೇನೆಂದು ಹೇಳಿಕೊಳ್ಳಲು ಯಾರೂ ಅಂಜುವುದಿಲ್ಲ. ಹಾಗಾದರೆ ನಾಚಿಕೆ ಬರೆದ ಚಿತ್ರದಲ್ಲಿಲ್ಲ. ಅದೇ ದೇಶದಲ್ಲಿ, ಅದೇ ಪೆಟ್ಟಿಗೆಯಲ್ಲಿ ಬರುವ ಮತ್ತೊಂದು ಚಿತ್ರವನ್ನು ಏಕೆ ಅಡಗಿ ನೋಡಬೇಕು?

ಉತ್ತರದ ಒಂದು ಭಾಗ ಹಣದಲ್ಲಿದೆ. ಜಪಾನಿನ ಟಿ.ವಿ. ಅನಿಮೆಯ ಯುಗ ನಿಜವಾಗಿ ತೆರೆದದ್ದು 1963ರ ಜನವರಿ 1ರಂದು, ತೆಜುಕಾ ಒಸಾಮು ಅವರ "ತೆತ್ಸುವಾನ್ ಆತೊಮು" ಪ್ರಸಾರವಾದಾಗ. ವೈದ್ಯಶಾಸ್ತ್ರ ಓದಿಯೂ ಚಿತ್ರಕಥೆಗಾರರಾದ ತೆಜುಕಾ, ವಾರಕ್ಕೊಂದು ಕಂತು ಮುಗಿಸಬೇಕಾದುದರಿಂದ ಚಿತ್ರಗಳ ಸಂಖ್ಯೆಯನ್ನು ಕಡಿಮೆ ಮಾಡುವ ಉಪಾಯಗಳನ್ನು ಬಳಸಿದರು. ಮುಖ ಹಾಗೇ ಇದ್ದು ಬಾಯಿ ಮಾತ್ರ ಆಡುವುದು, ಒಮ್ಮೆ ಬರೆದ ಚಿತ್ರವನ್ನೇ ಮತ್ತೆ ಮತ್ತೆ ಬಳಸುವುದು ಇತ್ಯಾದಿ. ಆದರೂ ಚಾನೆಲ್ ಕೊಡುತ್ತಿದ್ದ ಹಣ ಸಾಲುತ್ತಿರಲಿಲ್ಲ. ಪ್ರಾಯೋಜಕರಾದ ಮೆಯ್ಜಿ ಸಂಸ್ಥೆಯವರು ಚಾಕೊಲೇಟಿನೊಡನೆ ಆತೊಮುವಿನ ಅಂಟುಚಿತ್ರಗಳನ್ನು ಕೊಟ್ಟರು, ಮಕ್ಕಳು ಮುಗಿಬಿದ್ದರು. ಅಲ್ಲಿಂದಾಚೆಗೆ ಟಿ.ವಿ. ಅನಿಮೆಯ ಖರ್ಚನ್ನು ಬಹುಮಟ್ಟಿಗೆ ಮಿಠಾಯಿ, ಆಟಿಕೆಗಳ ಕಂಪನಿಗಳು ಹೊತ್ತವು. ಆಟಿಕೆ ಮಾರಲು ತಯಾರಾದದ್ದು ಮಕ್ಕಳಿಗಲ್ಲದೆ ಮತ್ತಾರಿಗೆ? ಹೀಗೆ ಕಥೆ ಎಂಥದೇ ಇರಲಿ, "ಇದು ಚಿಕ್ಕವರದು" ಎಂಬ ಮುದ್ರೆ ಅದರ ಮೇಲೆ ಬಿತ್ತು.

ಆ ಮಕ್ಕಳು ಬೆಳೆದರು. ಬೆಳೆದ ಮೇಲೂ ನೋಡುವುದನ್ನು ಬಿಡಲಿಲ್ಲ. 1974ರಲ್ಲಿ ಬಂದ "ಉಚೂ ಸೆನ್ಕಾನ್ ಯಮಾತೊ" ಎಂಬ ಬಾಹ್ಯಾಕಾಶದ ಕಥೆಯನ್ನು ಹೆಚ್ಚು ಜನ ನೋಡದ ಕಾರಣ 26 ಕಂತುಗಳಿಗೇ ಮುಗಿಸಲಾಯಿತು. ಮರುಪ್ರಸಾರದಲ್ಲಿ ಅದಕ್ಕೆ ಅಭಿಮಾನಿಗಳು ಹುಟ್ಟಿಕೊಂಡರು. 1977ರಲ್ಲಿ ಅದನ್ನೇ ಚಲನಚಿತ್ರವಾಗಿ ಜೋಡಿಸಿ ಬಿಡುಗಡೆ ಮಾಡಿದಾಗ ಹರೆಯದವರು ಹಿಂದಿನ ರಾತ್ರಿಯಿಂದಲೇ ಚಿತ್ರಮಂದಿರದ ಮುಂದೆ ಸಾಲುಗಟ್ಟಿದರು. 1979ರ "ಗುಂಡಾಮ್" ಕೂಡ ಅರ್ಧಕ್ಕೆ ನಿಂತು, ಆಮೇಲೆ ಗೆದ್ದ ಕಥೆಯೇ. ಅಷ್ಟರಲ್ಲಿ ಅಭಿಮಾನಿಗಳ ಸಂತೆಯೂ ಆರಂಭವಾಗಿತ್ತು. 1975ರ ಡಿಸೆಂಬರಿನಲ್ಲಿ ತೋಕಿಯೋದಲ್ಲಿ ಮೊದಲ ಕಾಮಿಕ್ ಮಾರ್ಕೆಟ್ ನಡೆದಾಗ ಮಳಿಗೆ ಹಾಕಿದ್ದು 32 ಗುಂಪುಗಳು, ಬಂದವರು ಸುಮಾರು 700 ಜನ. ಅವರಲ್ಲಿ ಬಹುಪಾಲು ಶಾಲಾ ಹುಡುಗಿಯರು. ಒತಾಕು ಎಂದೊಡನೆ ಕನ್ನಡಕ ಹಾಕಿದ ಗಂಡಸನ್ನೇ ಕಲ್ಪಿಸಿಕೊಳ್ಳುವವರು ಈ ಸಂಗತಿಯನ್ನು ಗಮನಿಸಬೇಕು.

"ಒತಾಕು" ಎಂಬ ಪದದ ಮೂಲ ಅರ್ಥ "ತಮ್ಮ ಮನೆ". ಅದನ್ನೇ "ತಾವು" ಎಂಬ ಅರ್ಥದಲ್ಲಿ ಮರ್ಯಾದೆಯ ಸಂಬೋಧನೆಯಾಗಿಯೂ ಬಳಸುತ್ತಾರೆ. ಹೊಸದಾಗಿ ಪರಿಚಯವಾದ ಅಭಿಮಾನಿಗಳು ಒಬ್ಬರನ್ನೊಬ್ಬರು ಹೀಗೆ ಕರೆಯುತ್ತಿದ್ದರು. ನಿಮ್ಮ ಕಾಲೇಜಿನ ಇಬ್ಬರು ಹುಡುಗರು "ಲೋ" ಎನ್ನುವ ಬದಲು "ತಾವು ಆ ಕಂತನ್ನು ವೀಕ್ಷಿಸಿದಿರಾ?" ಎಂದು ಮಾತನಾಡಿಕೊಂಡರೆ ಉಳಿದವರಿಗೆ ನಗು ಬಾರದಿರುತ್ತದೆಯೇ? 1983ರಲ್ಲಿ ನಕಾಮೊರಿ ಅಕಿಯೊ ಎಂಬ ಲೇಖಕ "ಮಾಂಗಾ ಬುರಿಕ್ಕೊ" ಎಂಬ ಪತ್ರಿಕೆಯ ತಮ್ಮ ಅಂಕಣದಲ್ಲಿ ಇದನ್ನೇ ಹಿಡಿದುಕೊಂಡು ಇಂಥ ಅಭಿಮಾನಿಗಳಿಗೆಲ್ಲ ಒತಾಕು ಎಂದು ಹೆಸರಿಟ್ಟರು. ಅವರ ಉಡುಪು, ನಡಿಗೆ, ಮಾತಿನ ರೀತಿ ಎಲ್ಲವನ್ನೂ ಗೇಲಿ ಮಾಡಿದರು. ಪತ್ರಿಕೆಯ ಸಂಪಾದಕರಾಗಿದ್ದ ಓತ್ಸುಕ ಏಜಿ ಅದನ್ನು ಒಪ್ಪದೆ ಅಂಕಣವನ್ನು ನಿಲ್ಲಿಸಿದರು. ಅಂಕಣ ನಿಂತರೂ ಹೆಸರು ಉಳಿಯಿತು.

ಹೆಸರು ಅವಮಾನವಾಗಿ, ಅವಮಾನ ಭಯವಾಗಿ ಮಾರ್ಪಟ್ಟದ್ದು 1989ರಲ್ಲಿ. ತೋಕಿಯೋ ಮತ್ತು ಸೈತಾಮ ಪ್ರದೇಶದಲ್ಲಿ ನಾಲ್ಕು ಪುಟ್ಟ ಹೆಣ್ಣುಮಕ್ಕಳನ್ನು ಕೊಂದ ಯುವಕನೊಬ್ಬ ಆ ಬೇಸಿಗೆಯಲ್ಲಿ ಸೆರೆಸಿಕ್ಕ. ಅವನ ಕೋಣೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ವಿಡಿಯೋ ಕ್ಯಾಸೆಟ್‌ಗಳಿದ್ದವು. ನೆಲದಿಂದ ಸೂರಿನವರೆಗೆ ಪೇರಿಸಿದ ಕ್ಯಾಸೆಟ್‌ಗಳು, ಕಿಟಕಿಯೂ ಕಾಣದ ಆ ಕೋಣೆ ದಿನದಿನವೂ ಟಿ.ವಿ.ಯಲ್ಲಿ ಬಂತು, ಪತ್ರಿಕೆಗಳಲ್ಲಿ ಬಂತು. ಕೊಲೆಗಾರನನ್ನು ಒತಾಕು ಎಂದು ಕರೆದರು.

ಈ ಪುಸ್ತಿಕೆ ಒಂದು ಟಿ.ವಿ. ಚಾನೆಲಿನದೇ ಆಗಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾಮೆರಾ ಸುಳ್ಳು ಹೇಳಲಿಲ್ಲ. ಕೋಣೆ ಇತ್ತು, ಕ್ಯಾಸೆಟ್‌ಗಳೂ ಇದ್ದವು. ಆದರೆ ಅವುಗಳಲ್ಲಿ ಬಹಳಷ್ಟು ಟಿ.ವಿ.ಯಿಂದ ಮುದ್ರಿಸಿಕೊಂಡ ಸಾಮಾನ್ಯ ಕಾರ್ಯಕ್ರಮಗಳೆಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಅಂಥದೇ ಕೋಣೆಯಿದ್ದೂ ಯಾರಿಗೂ ನೋವು ಮಾಡದ ಸಾವಿರಾರು ಜನರು ಇದ್ದರೆಂಬುದನ್ನು ಯಾವ ಕ್ಯಾಮೆರಾ ತೋರಿಸೀತು? ನೋಡಿದವರ ಮನಸ್ಸಿನಲ್ಲಿ ಕೋಣೆಯೇ ಅಪರಾಧದ ಕಾರಣವಾಗಿ ನಿಂತುಬಿಟ್ಟಿತು. ಮೊದಲು ಒತಾಕುಗಳನ್ನು ಗೇಲಿ ಮಾಡಿದ್ದ ನಕಾಮೊರಿಯವರೂ ಅವರ ಅಂಕಣ ನಿಲ್ಲಿಸಿದ್ದ ಓತ್ಸುಕ ಅವರೂ ಅದೇ ವರ್ಷ ಆ ಪ್ರಕರಣದ ಕುರಿತ ಒಂದು ಪುಸ್ತಕಕ್ಕೆ ಜೊತೆಯಾದರು; ಇಡೀ ತಲೆಮಾರನ್ನು ಒಬ್ಬ ಕೊಲೆಗಾರನ ಹೆಸರಿನಲ್ಲಿ ತೂಗುವುದು ಅವರಿಬ್ಬರನ್ನೂ ಕಾಡಿತ್ತು. ಅದು ಎಷ್ಟು ಮನೆಗಳನ್ನು ಮುಟ್ಟಿತೋ ಹೇಳಲಾಗದು. ಮಗನ ಕೋಣೆಯ ಬಾಗಿಲು ತೆರೆದ ತಾಯಿಯ ಕಣ್ಣಿಗೆ ಕ್ಯಾಸೆಟ್‌ಗಳ ಸಾಲು ಈಗ ಬೇರೆಯೇ ಆಗಿ ಕಂಡಿತು. ಮಗನಿಗೂ ಅದು ಗೊತ್ತಾಯಿತು. ಹೊದಿಕೆ ದಪ್ಪವಾದದ್ದು ಆಗ.

ವಿಚಿತ್ರವೆಂದರೆ ಅನಿಮೆ ಉದ್ಯಮ ದೊಡ್ಡವರ ಕಡೆಗೆ ಪೂರ್ತಿಯಾಗಿ ತಿರುಗಿದ್ದು ಇದಾದ ಮೇಲೆಯೇ. 1995ರಲ್ಲಿ ಪ್ರಸಾರವಾದ "ಇವಾಂಗೆಲಿಯನ್" ಸಂಜೆ ಆರೂವರೆಯ ಮಕ್ಕಳ ವೇಳೆಯಲ್ಲಿ ಬಂದರೂ ಅದರ ಮನೋವ್ಯಥೆ ಮಕ್ಕಳದಾಗಿರಲಿಲ್ಲ. 1997ರಲ್ಲಿ ಅದನ್ನು ನಡುರಾತ್ರಿಯ ನಂತರ ಮರುಪ್ರಸಾರ ಮಾಡಿದಾಗ ಆ ಹೊತ್ತಿನಲ್ಲೂ ನೋಡುವವರಿದ್ದಾರೆಂದು ಸ್ಪಷ್ಟವಾಯಿತು. ತಡರಾತ್ರಿಯ ಪ್ರಸಾರಕ್ಕೆ ದರ ಕಡಿಮೆ. ತಯಾರಕರು ಕೂಡಿ ಹಣ ಹಾಕಿ ಆ ವೇಳೆಯನ್ನು ಕೊಂಡು ಪ್ರಸಾರ ಮಾಡಿ, ಆಮೇಲೆ ಕ್ಯಾಸೆಟ್, ಡಿ.ವಿ.ಡಿ.ಗಳನ್ನು ಮಾರಿ ಹಣ ಮರಳಿ ಪಡೆಯುವ ಕ್ರಮ ಬೆಳೆಯಿತು. ಜಪಾನಿನ ಕಾರ್ಯಕ್ರಮ ಪಟ್ಟಿಯಲ್ಲಿ ಇಂಥ ವೇಳೆಯನ್ನು "25 ಗಂಟೆ 30 ನಿಮಿಷ" ಎಂದೂ ಬರೆಯುವುದುಂಟು. ಮರುದಿನದ ಬೆಳಗಿನ ಜಾವ ಒಂದೂವರೆ ಎಂದು ಅದರ ಅರ್ಥ. ಮನೆಯವರೆಲ್ಲ ಮಲಗಿದ ಮೇಲೆ, ದೀಪ ಆರಿಸಿ, ಧ್ವನಿ ತಗ್ಗಿಸಿ ಒಬ್ಬನೇ ನೋಡುವ ನೌಕರಸ್ಥನೇ ಈಗ ಆ ಉದ್ಯಮದ ಗಿರಾಕಿ. ಅಡಗಿಕೊಂಡವನಿಗೆಂದೇ ದಿನಕ್ಕೆ ಇಪ್ಪತ್ತೈದನೆಯ ಗಂಟೆಯೊಂದು ಸಿಕ್ಕಿದಂತಾಯಿತು.

ಅಡಗುವುದು ಹೇಗೆ ನಡೆಯುತ್ತದೆ ಎಂಬುದಕ್ಕೆ ಸ್ವತಃ ಮಾಂಗಾಗಳೇ ಒಳ್ಳೆಯ ಸಾಕ್ಷಿ. ಫುಜಿತಾ ಎಂಬವರ "ವೊತಾಕೊಯ್" ಎಂಬ ಕೃತಿ 2018ರಲ್ಲಿ ಅನಿಮೆಯಾಗಿಯೂ ಬಂತು. ಅದರ ನಾಯಕಿ ನರುಮಿ ಹೊಸ ಕಚೇರಿಗೆ ಸೇರುವಾಗ ತನ್ನ ಅಭಿರುಚಿ ಯಾರಿಗೂ ತಿಳಿಯದಿರಲೆಂದು ಪಣ ತೊಟ್ಟಿರುತ್ತಾಳೆ, ಏಕೆಂದರೆ ಅದು ತಿಳಿದದ್ದರಿಂದಲೇ ಹಿಂದಿನ ಪ್ರೇಮ ಮುರಿದಿತ್ತು. ಮೊದಲ ದಿನವೇ ಬಾಲ್ಯದ ಗೆಳೆಯ ಎದುರಾಗಿ ಎಲ್ಲರ ಮುಂದೆ ಗುಟ್ಟು ಬಿಚ್ಚುವಂಥ ಮಾತಾಡುತ್ತಾನೆ.

ನನಗೆ ಇದಕ್ಕಿಂತಲೂ ಮಿಗಿಲೆನಿಸುವುದು ತನ್ಬಾ ನಿವಾ ಅವರ "ತೊಕುಸಾತ್ಸು ಗಾಗಾಗಾ". ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ. ಇದನ್ನು 2019ರಲ್ಲಿ ಧಾರಾವಾಹಿಯಾಗಿ ಪ್ರಸಾರ ಮಾಡಿತು. ಇದರ ನಾಯಕಿ ಮೆಚ್ಚುವುದು ಅನಿಮೆಯನ್ನಲ್ಲ, ಮುಖವಾಡ ಧರಿಸಿದ ವೀರರು ರಾಕ್ಷಸರೊಡನೆ ಹೋರಾಡುವ ಮಕ್ಕಳ ಧಾರಾವಾಹಿಗಳನ್ನು. ಪಾಡು ಮಾತ್ರ ಒಂದೇ. ಅವಳು ದಿನವೂ ಮನೆಯಿಂದ ಊಟದ ಡಬ್ಬಿ ತರುತ್ತಾಳೆ. "ಎಷ್ಟು ಅಚ್ಚುಕಟ್ಟಾದ ಹುಡುಗಿ" ಎಂದು ಸಹೋದ್ಯೋಗಿಗಳು ಹೊಗಳುತ್ತಾರೆ. ನಿಜವಾಗಿ ಅವಳು ಆಟಿಕೆ ಕೊಳ್ಳಲು ಹಣ ಉಳಿಸುತ್ತಿರುತ್ತಾಳೆ! ಅವಳಿಗೆ ಕಚೇರಿಯ ಭಯಕ್ಕಿಂತ ತಾಯಿಯ ಭಯವೇ ದೊಡ್ಡದು. ಮಗಳು ಹೆಣ್ಣುಮಗಳಂತೆ ಇರಬೇಕೆಂದು ಬಯಸಿದ ತಾಯಿ ಚಿಕ್ಕಂದಿನಲ್ಲಿಯೇ ಇವುಗಳನ್ನು ಕಿತ್ತುಕೊಂಡಿದ್ದಳು. ಮಗಳು ದೊಡ್ಡವಳಾಗಿ ಸಂಬಳ ತರುವಾಗಲೂ ತಾಯಿ ಬರುತ್ತಾಳೆಂದರೆ ಕೋಣೆಯನ್ನು ಬದಲಿಸಬೇಕು. ಇಂಥ ಕಡೆ ಹೊದಿಕೆ ಬರಿಯ ಸಂಕೋಚದ ಮಾತಾಗಿ ಉಳಿಯುವುದಿಲ್ಲ. ತನ್ನನ್ನು ಹೆತ್ತವಳಿಗೆ ತಾನಲ್ಲದ ಮತ್ತೊಬ್ಬಳನ್ನು ಪರಿಚಯಿಸುತ್ತ ಬದುಕುವ ಕಷ್ಟ ಅದು.

ಕಾಲ ಬದಲಾಗಿಲ್ಲವೆ ಎಂದು ನೀವು ಕೇಳಬಹುದು. ಬಹಳ ಬದಲಾಗಿದೆ. ಮಿಯಾಜಾಕಿ ಹಯಾವೊ ಅವರ "ಸ್ಪಿರಿಟೆಡ್ ಅವೇ" 2003ರಲ್ಲಿ ಆಸ್ಕರ್ ಪಡೆಯಿತು. 2008ರಲ್ಲಿ ಪ್ರಧಾನಿಯಾದ ಅಸೋ ತಾರೊ ತಾವು ಮಾಂಗಾ ಓದುವವರೆಂದು ಬಹಿರಂಗವಾಗಿಯೇ ಹೇಳಿಕೊಳ್ಳುತ್ತಿದ್ದರು. 2020ರಲ್ಲಿ ಬಿಡುಗಡೆಯಾದ "ಡೀಮನ್ ಸ್ಲೇಯರ್" ಚಲನಚಿತ್ರ "ಸ್ಪಿರಿಟೆಡ್ ಅವೇ" ಹೆಸರಿನಲ್ಲಿದ್ದ ಜಪಾನಿನ ಗಳಿಕೆಯ ದಾಖಲೆಯನ್ನು ಮುರಿಯಿತು. ಆ ನವೆಂಬರಿನಲ್ಲಿ ಅಂದಿನ ಪ್ರಧಾನಿ ಸುಗಾ ಯೊಶಿಹಿದೆ ಸಂಸತ್ತಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸುವಾಗ ಆ ಕಥೆಯಲ್ಲಿ ಬರುವ "ಸಂಪೂರ್ಣ ಏಕಾಗ್ರತೆಯ ಉಸಿರಾಟ"ದೊಂದಿಗೆ ಉತ್ತರಿಸುವೆನೆಂದರು. ಪ್ರಧಾನಿಯೇ ಹೀಗೆಂದ ಮೇಲೆ ಗುಮಾಸ್ತನಿಗೆ ಏನು ಅಂಜಿಕೆ?

ಅಂಜಿಕೆ ಪೂರ್ತಿ ಹೋಗಿಲ್ಲ. "ಸ್ಪಿರಿಟೆಡ್ ಅವೇ" ಇಷ್ಟ ಎಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಎಲ್ಲರೂ ನೋಡಿದ್ದನ್ನು ತಾನೂ ನೋಡಿದೆನೆಂದರೆ ಅದು ಅಭಿರುಚಿಯೇ ಅಲ್ಲ, ಹವಾಮಾನದ ಮಾತಿನ ಹಾಗೆ. ಕೆಲವರು ಮಾತ್ರ ನೋಡುವುದನ್ನು, ಅದರಲ್ಲೂ ದೊಡ್ಡ ಕಣ್ಣಿನ ಹುಡುಗಿಯರ ಚಿತ್ರವಿರುವುದನ್ನು, ಹೇಳಿಕೊಂಡರೆ ಎದುರಿನವರ ಮುಖ ಒಂದು ಕ್ಷಣ ತಡೆಯುತ್ತದೆ. ಆ ತಡೆ ಪೂರ್ತಿ ಅಜ್ಞಾನದಿಂದ ಬಂದದ್ದೆಂದು ಹೇಳಲಾರೆ. ಚಿಕ್ಕ ಹುಡುಗಿಯರನ್ನು ಅಸಹ್ಯವಾಗಿ ಚಿತ್ರಿಸುವ ಕೃತಿಗಳೂ ಈ ಪೇಟೆಯಲ್ಲಿವೆ, ಅವುಗಳ ವಿರುದ್ಧ ಜಪಾನಿನಲ್ಲಿಯೇ ಆಕ್ಷೇಪಗಳಿವೆ. ಅಂಥದ್ದನ್ನು ಬಚ್ಚಿಟ್ಟು ನೋಡುವುದೂ ಸ್ನೇಹ, ಸೋಲು, ದುಃಖಗಳ ಒಳ್ಳೆಯ ಕಥೆಯೊಂದನ್ನು ಸದ್ದಿಲ್ಲದೆ ನೋಡುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಕೇಳಬೇಕಾದ ಪ್ರಶ್ನೆ ಹೊದಿಕೆಯ ಕುರಿತದ್ದಲ್ಲ, ಒಳಗಿರುವುದರ ಕುರಿತದ್ದು.

ಎರಡನೆಯದರಲ್ಲಿ ಮೌನವಾಗಿರುವ ಅನೇಕರಿಗೆ ನಾಚಿಕೆಯೇನೂ ಇಲ್ಲ. ಕಚೇರಿಯ ಊಟದ ಬಿಡುವಿನಲ್ಲಿ "ಅದು ಕಾರ್ಟೂನಲ್ಲವೆ?" ಎಂಬಲ್ಲಿಂದ ವಿವರಣೆ ಆರಂಭಿಸುವ ದಣಿವು ಬೇಡವೆಂದು ಸುಮ್ಮನಿರುತ್ತಾರೆ. ಹೊನ್ನೆ ಎಂದರೆ ಮನದೊಳಗಿನದು, ತತೆಮಾಏ ಎಂದರೆ ಹೊರಗೆ ತೋರುವ ಮುಖ. ಅನೇಕ ವಿಷಯಗಳಲ್ಲಿ ಈ ಎರಡನ್ನು ಬೇರೆಯಾಗಿ ಇಟ್ಟುಕೊಂಡು ಬದುಕುವುದು ಜಪಾನಿನಲ್ಲಿ ರೂಢಿ. ನಮ್ಮ ಕಣ್ಣಿಗೆ ಕಪಟವೆನಿಸುವುದು ಅಲ್ಲಿ ಎಷ್ಟೋ ಸಲ ಸೌಜನ್ಯವೇ ಆಗಿರುತ್ತದೆ.

ನಮ್ಮಲ್ಲಿ? ಒಂದು ಕಾಲಕ್ಕೆ ಮಕ್ಕಳಿಗೆಂದು ತರಿಸಿದ "ಚಂದಮಾಮ"ವನ್ನು ಮೊದಲು ಓದಿ ಮುಗಿಸುತ್ತಿದ್ದವರು ಮನೆಯ ದೊಡ್ಡವರೇ. ಅನಿಮೆಯೂ ನಮಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1993ರಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದ "ಜಂಗಲ್ ಬುಕ್" ಧಾರಾವಾಹಿಯ ಮೋಗ್ಲಿ ಜಪಾನಿನ ನಿಪ್ಪೊನ್ ಅನಿಮೇಷನ್ ಸಂಸ್ಥೆಯ ಕೂಸು. ನಲವತ್ತು ದಾಟಿದ ನಿಮ್ಮ ಚಿಕ್ಕಪ್ಪನನ್ನೋ ಸೋದರತ್ತೆಯನ್ನೋ ಕೇಳಿ ನೋಡಿ, ಗುಲ್ಜಾರ್ ಬರೆದ ಅದರ ಹಾಡನ್ನು ಇಂದಿಗೂ ಗುನುಗಿಯಾರು. ತಾವು ನೋಡಿದ್ದು ಅನಿಮೆ ಎಂದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಯುಗೊ ಸಾಕೊ ಅವರು ಭಾರತದ ರಾಮ್ ಮೋಹನ್ ಅವರೊಡನೆ ಸೇರಿ 1992ರಲ್ಲಿ ಮುಗಿಸಿದ ರಾಮಾಯಣದ ಅನಿಮೆ ಚಿತ್ರ 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಅದನ್ನು ಕದ್ದು ನೋಡಬೇಕಾದ ಪ್ರಸಂಗ ಯಾರಿಗೂ ಬರಲಿಲ್ಲ. ಅದೇ ಮನೆಯಲ್ಲಿ ಇಪ್ಪತ್ತೆಂಟರ ಮಗ ಮೊಬೈಲಿನಲ್ಲಿ "ನರುತೊ" ನೋಡುತ್ತಿದ್ದರೆ "ಇಷ್ಟು ದೊಡ್ಡವನಾದೆ, ಇನ್ನೂ ಕಾರ್ಟೂನ್ ನೋಡ್ತೀಯಲ್ಲೋ" ಎಂಬ ಮಾತು ಬರುತ್ತದೆ. ಅವನು ನಕ್ಕು ಪರದೆಯನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಾನೆ. ನಮ್ಮಲ್ಲಿ ಹೊದಿಕೆ ಇಷ್ಟು ತೆಳುವಾದದ್ದು. ಏಕೆಂದರೆ ಇಲ್ಲಿ 1989ರ ಆ ಕೋಣೆಯ ನೆನಪಿಲ್ಲ.

ಜಪಾನಿನ ಅಂಗಡಿಗಳಲ್ಲಿ ಈಚೆಗೆ ಒಂದು ಬಗೆಯ ಸರಕು ಚೆನ್ನಾಗಿ ಮಾರುತ್ತದೆ. ನೋಡಲು ಸಾಧಾರಣ ಪೆನ್ನು, ಕರವಸ್ತ್ರ, ಛತ್ರಿ, ಕೊರಳಪಟ್ಟಿ. ಯಾರದೂ ಮುಖವಿಲ್ಲ, ಹೆಸರಿಲ್ಲ. ಮೂಲೆಯಲ್ಲಿ ಯಾವುದೋ ಲಾಂಛನ, ಅಂಚಿನಲ್ಲಿ ಪಾತ್ರವೊಂದಕ್ಕೆ ಸೇರಿದ ಎರಡು ಬಣ್ಣಗಳು, ಅಷ್ಟೆ. ನೂರು ಜನ ನೋಡಿದರೂ ಅದು ಛತ್ರಿಯೇ. ನೂರೊಂದನೆಯವರು ಮಾತ್ರ ಮಳೆ ನಿಲ್ಲಲೆಂದು ಕಾಯುತ್ತ ಪಕ್ಕದಲ್ಲಿ ನಿಂತಾಗ ಅದನ್ನೊಮ್ಮೆ ನೋಡಿ, ಸುತ್ತ ಯಾರಾದರೂ ಇದ್ದಾರೆಯೇ ಎಂದು ಗಮನಿಸಿ, ಮೆಲ್ಲನೆ ಕೇಳುತ್ತಾರೆ: "ನೀವೂ ನೋಡುತ್ತೀರಾ?"